ಮೂರನೆಯ ಹೊಡೆತದ ಅಭ್ಯಾಸ

ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟ್‌ನಿಂದ ರಂಧ್ರಗಳಿರುವ ಪ್ಲಾಸ್ಟಿಕ್ ಚೆಂಡನ್ನು ನೆಟ್‌ನ ಆಚೆಗೆ ಹೊಡೆದು ಆಡುವ ಪಿಕಲ್‌ಬಾಲ್‌ನಲ್ಲಿ ಹೊಸಬರು ಬಹಳ ಬೇಗ ಆಟಕ್ಕೆ ಇಳಿಯಬಲ್ಲರು. ಹಾಗಿದ್ದರೂ ಪ್ರತಿದಿನ ಆಡುವವರಲ್ಲಿ ಅನೇಕರು ಒಂದು ಮಟ್ಟಕ್ಕೆ ಬಂದ ಮೇಲೆ ಅಲ್ಲೇ ನಿಂತುಬಿಡುತ್ತಾರೆ. ಇದಕ್ಕೆ ಆಟ ಸಾಲದಿರುವುದು ಕಾರಣವಲ್ಲ, ಆಟವನ್ನೇ ಅಭ್ಯಾಸವೆಂದು ಎಣಿಸುವುದು ಕಾರಣ ಎಂಬುದು ನನ್ನ ಅಭಿಪ್ರಾಯ. 11 ಅಂಕಗಳ ಒಂದು ಗೇಮ್‌ನಲ್ಲಿ ನಮಗೆ ಬಾರದ ಹೊಡೆತವನ್ನು ಪ್ರಯತ್ನಿಸುವ ಅವಕಾಶ ಸಿಗುವುದೇ ಕಡಿಮೆ. ಸಿಕ್ಕರೂ, ಅಂಕ 9–9 ಆಗಿರುವಾಗ ಯಾರೂ ಕೈಗೆ ಒಗ್ಗದ ಹೊಡೆತಕ್ಕೆ ಮುಂದಾಗುವುದಿಲ್ಲ. ನಂಬಿಕೆಯಿರುವ ಹಳೆಯ ಹೊಡೆತಕ್ಕೇ ಮೊರೆಹೋಗುತ್ತಾರೆ. ಹೀಗೆ ಪಂದ್ಯಗಳು ಗೊತ್ತಿರುವುದನ್ನು ಗಟ್ಟಿಮಾಡುತ್ತವೆಯೇ ಹೊರತು ಗೊತ್ತಿಲ್ಲದ್ದನ್ನು ಕಲಿಸುವುದಿಲ್ಲ.

ಹಾಗಾದರೆ ಪ್ರತ್ಯೇಕವಾಗಿ ಏನನ್ನು ಅಭ್ಯಾಸ ಮಾಡಬೇಕು? ಉತ್ತರ ಅಂಕಣದ ಅಳತೆಯಲ್ಲೂ ನಿಯಮದಲ್ಲೂ ಇದೆ. ಅಂಕಣದ ಉದ್ದ 44 ಅಡಿ, ಅಗಲ 20 ಅಡಿ. ನೆಟ್‌ನ ಎರಡೂ ಬದಿಗೆ 7 ಅಡಿಯವರೆಗಿನ ಜಾಗವೇ ಕಿಚನ್. ಅದರೊಳಗೆ ನಿಂತು ಚೆಂಡನ್ನು ಪುಟಿಯುವ ಮೊದಲೇ ಹೊಡೆಯುವಂತಿಲ್ಲ. ಸರ್ವ್ ಒಮ್ಮೆ ಪುಟಿಯಬೇಕು, ಅದಕ್ಕೆ ಬಂದ ರಿಟರ್ನ್ ಕೂಡ ಒಮ್ಮೆ ಪುಟಿಯಬೇಕು. ಆದ್ದರಿಂದ ರಿಟರ್ನ್ ಮಾಡಿದ ತಂಡ ನೇರವಾಗಿ ಕಿಚನ್ ಗೆರೆಯವರೆಗೆ ನಡೆದು ಬರಬಹುದು, ಸರ್ವ್ ಮಾಡಿದ ತಂಡ ಮಾತ್ರ ನೆಟ್‌ನಿಂದ 22 ಅಡಿ ಹಿಂದಿನ ಬೇಸ್‌ಲೈನ್ ಬಳಿಯೇ ಕಾಯಬೇಕಾಗುತ್ತದೆ. ಸಾಂಪ್ರದಾಯಿಕ ಎಣಿಕೆಯಲ್ಲಿ ಅಂಕ ಸಿಗುವುದು ಸರ್ವ್ ಮಾಡಿದವರಿಗೆ ಮಾತ್ರ, ಆದರೆ ಒಳ್ಳೆಯ ಜಾಗ ಎದುರಾಳಿಗಳ ವಶದಲ್ಲಿರುತ್ತದೆ. ಈ ತೊಡಕನ್ನು ಬಿಡಿಸಬೇಕಾದದ್ದು ಮೂರನೆಯ ಹೊಡೆತ, ಅಂದರೆ ಸರ್ವ್ ಮತ್ತು ರಿಟರ್ನ್ ಆದ ಮೇಲೆ ಸರ್ವ್ ಮಾಡಿದ ತಂಡ ಹೊಡೆಯುವ ಹೊಡೆತ. ಜೋರಾಗಿ ಡ್ರೈವ್ ಮಾಡುವುದು ಒಂದು ದಾರಿ. ಕೈ ಪಳಗಿದ ಎದುರಾಳಿಗಳು ಅದನ್ನು ಸುಮ್ಮನೆ ತಡೆದು ನಮ್ಮ ಕಾಲಬುಡಕ್ಕೇ ಹಿಂದಿರುಗಿಸುತ್ತಾರೆ. ಚೆಂಡನ್ನು ಮೆತ್ತಗೆ ಕಿಚನ್ ಒಳಗೆ ಇಳಿಸುವ ಥರ್ಡ್ ಶಾಟ್ ಡ್ರಾಪ್ ಕಷ್ಟದ ದಾರಿಯಾದರೂ, ಮುಂದೆ ನಡೆದು ಬರಲು ಬೇಕಾದ ಸಮಯವನ್ನು ಅದು ಕೊಡುತ್ತದೆ.

ಈ ಡ್ರಾಪನ್ನು ಬೇಸ್‌ಲೈನ್‌ನಿಂದಲೇ ಕಲಿಯಲು ಹೊರಡುವವರು ಬೇಗ ಬೇಸರಗೊಳ್ಳುತ್ತಾರೆ. ಕಿಚನ್ ಗೆರೆಯಿಂದ ಆರಂಭಿಸಿ, ಎದುರಿನ ಗೆರೆಯಲ್ಲಿ ಜೊತೆಗಾರನೊಬ್ಬನನ್ನು ನಿಲ್ಲಿಸಿಕೊಂಡು, ಚೆಂಡು ಹಿಡಿತಕ್ಕೆ ಸಿಕ್ಕಂತೆಲ್ಲ ಒಂದೊಂದೇ ಹೆಜ್ಜೆ ಹಿಂದೆ ಸರಿಯುವ ಕ್ರಮವೇ ನನಗೆ ಹಿಡಿಸಿದೆ. ಮಂಡಿ ಬಗ್ಗಿರಬೇಕು, ಪ್ಯಾಡಲ್‌ನ ಮುಖ ತುಸು ಮೇಲ್ಮುಖವಾಗಿರಬೇಕು, ಚೆಂಡು ಮೈಯ ಮುಂದೆ ಸಿಗಬೇಕು. ಮಣಿಕಟ್ಟನ್ನು ತಿರುವದೆ ಭುಜದಿಂದಲೇ ತೋಳನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಬೇಕು. ಕಣ್ಣಿಡಬೇಕಾದದ್ದು ಚೆಂಡು ಸಾಗುವ ಕಮಾನಿನ ಮೇಲೆ: ಅದರ ಅತಿ ಎತ್ತರದ ತುದಿ ನೆಟ್‌ನ ಈಚೆಗೆ, ಅಂದರೆ ನಮ್ಮ ಬದಿಯಲ್ಲೇ ಇದ್ದರೆ ಚೆಂಡು ನೆಟ್ ದಾಟುವಾಗಲೇ ಇಳಿಯತೊಡಗಿರುತ್ತದೆ, ಎದುರಾಳಿ ಅದನ್ನು ಕೆಳಗಿನಿಂದ ಎತ್ತದೆ ಬೇರೆ ದಾರಿಯಿರುವುದಿಲ್ಲ. ತುದಿ ಆಚೆಗೆ ಹೋದರೆ ಸ್ಮ್ಯಾಶ್‌ಗೆ ಆಹ್ವಾನವಿತ್ತಂತೆಯೇ. ನೆಟ್ ಅಂಚಿನಲ್ಲಿ 36 ಇಂಚು ಎತ್ತರವಿದ್ದು ನಡುವೆ 34 ಇಂಚಿಗೆ ಇಳಿಯುವುದರಿಂದ, ಕಲಿಯುವ ಹಂತದಲ್ಲಿ ನಡುವಿಗೇ ಗುರಿಯಿಡುವುದು ಜಾಣತನ. ಎರಡು ಇಂಚು ಎಂದರೆ ಈ ಆಟದಲ್ಲಿ ಸಣ್ಣ ಮಾತಲ್ಲ.

ಹಿಡಿತದ ಬಿಗಿಯ ಬಗ್ಗೆಯೂ ಹೇಳಬೇಕು. ಪ್ಯಾಡಲನ್ನು ಬಿಗಿಯಾಗಿ ಹಿಡಿದಷ್ಟೂ ಚೆಂಡು ಚಿಮ್ಮುತ್ತದೆ. ಹಕ್ಕಿಮರಿಯನ್ನು ಹಿಡಿದಷ್ಟೇ ಹಗುರವಾಗಿ ಹಿಡಿದಾಗ ಅದರ ವೇಗ ಪ್ಯಾಡಲ್‌ನಲ್ಲೇ ಇಂಗುತ್ತದೆ. ಅಂಕಣದ ನಡುಭಾಗದಲ್ಲಿ ಸಿಕ್ಕಿಬಿದ್ದಾಗ ಜೋರಾಗಿ ಬರುವ ಚೆಂಡನ್ನು ಬೀಸದೆ, ಪ್ಯಾಡಲನ್ನು ಅಡ್ಡ ಒಡ್ಡಿ ಕಿಚನ್‌ಗೆ ಇಳಿಸುವ ರೀಸೆಟ್ ನಿಂತಿರುವುದು ಪೂರ್ತಿಯಾಗಿ ಇದರ ಮೇಲೆಯೇ. ಜೊತೆಗಾರ ಗೆರೆಯಿಂದ ರಭಸವಾಗಿ ಹೊಡೆಯುತ್ತ ಹೋಗಲಿ, ನಾವು ನಡು ಅಂಕಣದಲ್ಲಿ ನಿಂತು ಒಂದೊಂದನ್ನೂ ಸಾಧುಮಾಡುತ್ತ ಹೋಗೋಣ. ನೋಡುವವರಿಗೆ ಇದು ಶಿಕ್ಷೆಯಂತೆ ಕಂಡರೂ ಪಂದ್ಯದಲ್ಲಿ ಇಷ್ಟು ಬೇಗ ಫಲ ಕೊಡುವ ಅಭ್ಯಾಸ ಇನ್ನೊಂದನ್ನು ನಾನು ಕಂಡಿಲ್ಲ. ಎದುರಿನವನ ಪ್ಯಾಡಲ್ ಚೆಂಡಿಗೆ ತಾಗುವ ಹೊತ್ತಿಗೆ ನಮ್ಮ ಎರಡೂ ಕಾಲುಗಳು ನೆಲಕ್ಕೂರಿರಬೇಕು. ಓಡುತ್ತಲೇ ರೀಸೆಟ್ ಮಾಡಲು ಹೋದರೆ ಚೆಂಡು ಮೇಲಕ್ಕೇಳುತ್ತದೆ.

ಕಿಚನ್ ಗೆರೆಯ ಬಳಿಯಿಂದ ಚೆಂಡನ್ನು ಎದುರಿನ ಕಿಚನ್‌ಗೆ ಮೆತ್ತಗೆ ಇಳಿಸುವ ಡಿಂಕ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಅಭ್ಯಾಸ ಮಾಡುವವರು ಮಾತ್ರ ಕಡಿಮೆ. ಎರಡು ನಿಮಿಷ ಕಳೆಯುವುದರೊಳಗೆ ಯಾರಾದರೊಬ್ಬರು ತಾಳ್ಮೆ ತಪ್ಪಿ ಸ್ಮ್ಯಾಶ್ ಬಾರಿಸಿಬಿಡುತ್ತಾರೆ! ಕಿಚನ್ ಒಳಗೆ ಬಿದ್ದ ಚೆಂಡಷ್ಟೇ ಸರಿ ಎಂದು ಗೊತ್ತುಮಾಡಿಕೊಂಡು 11 ಅಂಕಗಳಿಗೆ ಆಡಿದರೆ ಬೇಸರ ಕಡಿಮೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಆಡುವ ಡಿಂಕ್‌ಗೆ ದೂರ ಹೆಚ್ಚು, ನೆಟ್‌ನ ತಗ್ಗು ಭಾಗವೂ ಸಿಗುತ್ತದೆ. ಆದ್ದರಿಂದ ಮೊದಲು ಅದನ್ನೇ ರೂಢಿಸಿಕೊಳ್ಳುವುದು ಮೇಲು.

ಸರ್ವ್‌ಗೆ ಯಾರ ನೆರವೂ ಬೇಡ, ಒಂದು ಬುಟ್ಟಿ ಚೆಂಡು ಸಾಕು. ವೇಗಕ್ಕಿಂತ ಆಳ, ಅಂದರೆ ಚೆಂಡು ಎದುರಿನ ಬೇಸ್‌ಲೈನ್ ಹತ್ತಿರ ಬೀಳುವುದು, ಮುಖ್ಯ; ಕಿಚನ್ ಗೆರೆಗೆ ತಾಗಿದ ಸರ್ವ್ ಫಾಲ್ಟ್ ಎಂಬುದು ನೆನಪಿರಲಿ. ಹೊರಾಂಗಣದಲ್ಲಿ ಸಾಮಾನ್ಯವಾಗಿ ಬಳಸುವ 40 ರಂಧ್ರಗಳ ಚೆಂಡು ಗಟ್ಟಿ, ಒಳಾಂಗಣದ 26 ರಂಧ್ರಗಳ ಚೆಂಡು ಮೆದು. ಪಂದ್ಯವಾಡುವ ಚೆಂಡಿನಲ್ಲೇ ಅಭ್ಯಾಸ ಮಾಡದಿದ್ದರೆ ಕೈಗೆ ಹತ್ತಿದ ಅಂದಾಜು ತಪ್ಪುತ್ತದೆ. ಜೊತೆಗಾರ ಬಾರದ ದಿನ ಗೋಡೆಯ ಮೇಲೆ 34 ಇಂಚು ಎತ್ತರಕ್ಕೆ ಒಂದು ಗೆರೆ ಎಳೆದುಕೊಂಡರೆ, ಚೆಂಡನ್ನು ಪುಟಿಯುವ ಮೊದಲೇ ಹೊಡೆಯುವ ವಾಲಿಯ ಅಭ್ಯಾಸವಂತೂ ತಪ್ಪುವುದಿಲ್ಲ. ತಲೆಯ ಮೇಲಿಂದ ಹೋಗುವ ಲಾಬ್‌ಗೆ ಹಿಮ್ಮುಖವಾಗಿ ಓಡದೆ, ಮೈ ತಿರುಗಿಸಿ ಓಡುವುದನ್ನು ಚೆಂಡಿಲ್ಲದೆಯೂ ಕಲಿಯಬೇಕು. ಹಿಮ್ಮುಖ ಓಟದಲ್ಲಿ ಬಿದ್ದರೆ ಮಣಿಕಟ್ಟು, ತಲೆ ಎರಡಕ್ಕೂ ಅಪಾಯ.

ಅಭ್ಯಾಸದಲ್ಲಿ ಬಂದದ್ದು ಪಂದ್ಯದಲ್ಲಿ ಬಾರದೆಂಬ ದೂರು ಸಾಮಾನ್ಯ. ನಡುವೆ ಒಂದು ಮೆಟ್ಟಿಲು ಬೇಕು: ಅಂಕಣದ ಅರ್ಧ ಅಗಲದಲ್ಲಿ ಇಬ್ಬರೇ ಆಡುವ ಸ್ಕಿನ್ನಿ ಸಿಂಗಲ್ಸ್ ಅದಕ್ಕೆ ತಕ್ಕುದಾಗಿದೆ, ಏಕೆಂದರೆ ಅಲ್ಲಿ ಮೂರನೆಯ ಹೊಡೆತ ಮತ್ತೆ ಮತ್ತೆ ಬರುತ್ತದೆ. ಆಮೇಲೆ ಸ್ನೇಹಪೂರ್ವಕ ಪಂದ್ಯವೊಂದರಲ್ಲಿ, ಅಂಕ ಎಷ್ಟೇ ಇರಲಿ, ಪ್ರತಿ ಮೂರನೆಯ ಹೊಡೆತವೂ ಡ್ರಾಪ್ ಎಂದೇ ನಿಶ್ಚಯಿಸಿಕೊಳ್ಳಬೇಕು. ಇದನ್ನು ನಮ್ಮ ಜೊತೆಗಾರನಿಗೆ ಮೊದಲೇ ತಿಳಿಸುವುದು ಸೌಜನ್ಯವಷ್ಟೇ ಅಲ್ಲ, ಆತನ ರಕ್ಷಣೆಯೂ ಹೌದು: ಡ್ರಾಪ್ ಎತ್ತರವಾದಾಗ ಮುಂದಕ್ಕೆ ನುಗ್ಗಿದವನ ಮೈಮೇಲೆಯೇ ಚೆಂಡು ಬರುತ್ತದೆ. ಆದ್ದರಿಂದ ಹೊಡೆದ ಚೆಂಡು ಇಳಿಯುತ್ತಿದೆಯೇ ಎಂದು ನೋಡಿ, ಇಳಿಯುತ್ತಿದ್ದರೆ ಇಬ್ಬರೂ ಗೆರೆಯವರೆಗೆ ಬರಬೇಕು. ಇಲ್ಲವಾದರೆ ನಡುದಾರಿಯಲ್ಲೇ ಪ್ಯಾಡಲ್ ತಗ್ಗಿಸಿ ನಿಂತು, ಐದನೆಯ ಹೊಡೆತದಲ್ಲಿ ಇನ್ನೊಮ್ಮೆ ಇಳಿಸಲು ಸಿದ್ಧರಾಗಬೇಕು.