ಮೂರು ತಿಂಗಳ ದೊರೆಯ ಸವೆದ ಬೆಳ್ಳಿ

ನನ್ನ ಬಳಿ ಇರುವ, ರೋಮನ್ ಚಕ್ರವರ್ತಿ ಓಥೋನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯದ ತೂಕ 3.04 ಗ್ರಾಂ. ರಾಯಚೂರಿನ ಸರಾಫರೊಬ್ಬರ ಅಂಗಡಿಯಲ್ಲಿ, ಮೂಗುತಿ ತೂಗುವ ಸಣ್ಣ ತಕ್ಕಡಿಯ ಮೇಲಿಟ್ಟು ಮೂರು ಸಲ ತೂಗಿಸಿ ಬರೆದುಕೊಂಡ ಅಂಕಿ ಇದು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ಒಂದು ರೋಮನ್ ಪೌಂಡಿಗೆ 84 ನಾಣ್ಯಗಳ ಬದಲು 96 ನಾಣ್ಯಗಳನ್ನು ಹೊಡೆಸಲು ಆರಂಭಿಸಿದ ಮೇಲೆ ಹೊಸ ದಿನಾರಿಯಸ್‌ನ ತೂಕ ಸುಮಾರು 3.4 ಗ್ರಾಂಗೆ ಇಳಿಯಿತು. ಟಂಕಸಾಲೆಯಿಂದ ಹೊರಬೀಳುವಾಗಲೇ ಒಂದೊಂದು ನಾಣ್ಯದ ತೂಕ ತುಸು ಹೆಚ್ಚುಕಡಿಮೆ ಇರುತ್ತಿತ್ತು ಎಂಬುದನ್ನು ಕಳೆದು ನೋಡಿದರೂ, ನನ್ನ ನಾಣ್ಯದಿಂದ ಹತ್ತರಲ್ಲೊಂದು ಪಾಲಿನಷ್ಟು ಬೆಳ್ಳಿ ಜನರ ಬೆರಳಿಗೆ, ಚೀಲಕ್ಕೆ, ಅಂಗಡಿಯ ಹಲಗೆಗೆ ಉಜ್ಜಿ ಉಜ್ಜಿ ಹೋಗಿದೆ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದ ನನಗೆ ತೂಕ ಕಡಿಮೆ ಬಂದರೆ ಅದು ನಷ್ಟದ ಬಾಬ್ತು. ಈ ಒಂದು ಕೊರತೆಯನ್ನು ಮಾತ್ರ ಜಮಾ ಕಡೆಗೇ ಬರೆದುಕೊಂಡಿದ್ದೇನೆ.

ಹಳಸಿದ ಮಾತಿಗೆ ನಾವು ‘ಸವಕಲು ನಾಣ್ಯ’ ಎನ್ನುತ್ತೇವೆ. ನನಗೆ ನಾಣ್ಯಗಳ ಹುಚ್ಚು ಹಿಡಿದದ್ದು ಮಾತ್ರ ನಿಜವಾಗಿಯೂ ಸವಕಲಾದ ನಾಣ್ಯಗಳಿಂದಲೇ. ಮಸ್ಕಿ ಕಡೆಯ ಹಳ್ಳಿಯಲ್ಲಿದ್ದ ನಮ್ಮ ಅಜ್ಜಿ ದೀಪಾವಳಿಯ ಲಕ್ಷ್ಮೀ ಪೂಜೆಗೆ ನಿಜಾಮರ ಕಾಲದ ಐದು ಹಾಲಿ ಸಿಕ್ಕಾ ರೂಪಾಯಿಗಳನ್ನು ಹೊರತೆಗೆಯುತ್ತಿದ್ದಳು. ಚಾರ್‌ಮಿನಾರ್ ಚಿತ್ರವಿರುವ ಆ ರೂಪಾಯಿಗಳ ನಡುಗಮಾನಿನಲ್ಲಿ ಆಗಿನ ನಿಜಾಮರ ಹೆಸರಿನ ಮೊದಲ ಅಕ್ಷರವಿರುತ್ತದೆ. ಮಹಬೂಬ್ ಅಲಿ ಖಾನರಿಗೆ ‘ಮೀಮ್’, ಉಸ್ಮಾನ್ ಅಲಿ ಖಾನರಿಗೆ ‘ಐನ್’. ಐದರಲ್ಲಿ ಒಂದು ಎಷ್ಟು ಸವೆದಿತ್ತೆಂದರೆ ಕಮಾನಿನೊಳಗೆ ಯಾವ ಅಕ್ಷರವೂ ಉಳಿದಿರಲಿಲ್ಲ. ಕಲಶದ ಮುಂದೆ ಮೊದಲು ಇಡುತ್ತಿದ್ದದ್ದು ಅದನ್ನೇ. ಏಕೆಂದು ಕೇಳಿದಾಗ ಅವಳು, “ಇದು ಭಾಳ ಮಂದಿ ಕೈ ಕಂಡ ರೊಕ್ಕ, ತಮ್ಮಾ” ಎಂದಿದ್ದಳು.

ರೋಮನ್ ನಾಣ್ಯಗಳಲ್ಲಿ ಅಲ್ಪಕಾಲ ಆಳಿದವರನ್ನೇ ನಾನು ಆರಿಸಿಕೊಂಡದ್ದರ ಹಿಂದೆ ಆ ಮಾತಿದೆ. ಅಗಸ್ಟಸ್ 40 ವರ್ಷಕ್ಕೂ ಹೆಚ್ಚು ಆಳಿದವನು. ಅವನ ನಾಣ್ಯ ಬಹುಕಾಲ ಓಡಾಡಿದ್ದರೆ ಅಚ್ಚರಿಯಿಲ್ಲ. ಓಥೋ ಪಟ್ಟಕ್ಕೆ ಬಂದದ್ದು ಕ್ರಿ.ಶ. 69ರ ಜನವರಿ 15ರಂದು, ಮುದುಕನಾದ ಚಕ್ರವರ್ತಿ ಗಾಲ್ಬಾನನ್ನು ರೋಮ್ ನಗರದ ನಡುಚೌಕದಲ್ಲಿ ಸೈನಿಕರು ಕೊಂದ ದಿನ. ಪಟ್ಟಕ್ಕೆ ಪೈಪೋಟಿ ನಡೆಸಿದ್ದ ವಿಟೆಲಿಯಸ್‌ನ ಸೈನ್ಯದ ಎದುರು ಉತ್ತರ ಇಟಲಿಯ ಬೆಡ್ರಿಯಾಕಮ್ ಬಳಿ ಸೋತು, ಏಪ್ರಿಲ್ 16ರಂದು, 37 ವರ್ಷ ತುಂಬುವ ಮುನ್ನವೇ ಅವನು ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡ. ಗೆದ್ದ ವಿಟೆಲಿಯಸ್‌ನೂ ಅದೇ ಡಿಸೆಂಬರ್‌ನಲ್ಲಿ ಕೊಲೆಯಾದ. ಹೀಗೆ ಮೂರು ತಿಂಗಳಷ್ಟೇ ಅಧಿಕಾರ ಕಂಡವನ ಮುಖ ಅವನ ಸಾವಿನ ನಂತರ ದಶಕಗಳ ಕಾಲ ಜನರ ಕೈಯಿಂದ ಕೈಗೆ ದಾಟುತ್ತಲೇ ಇತ್ತು. ಹೊಳೆಯುವ, ಅಚ್ಚು ಮಾಸದ ಓಥೋ ನಾಣ್ಯವನ್ನು ನೋಡಿದಾಗ ನನಗೆ ಆ ಮೂರು ತಿಂಗಳು ಮಾತ್ರ ಕಾಣುತ್ತದೆ. ಸವೆದದ್ದರಲ್ಲಿ ಆಮೇಲಿನ ವರ್ಷಗಳೂ ಕಾಣುತ್ತವೆ.

ಇಷ್ಟು ಕಡಿಮೆ ಅವಧಿಯಲ್ಲಿ ನಾಣ್ಯ ಹೊಡೆಸುವ ಅವಸರವೇನಿತ್ತು ಎಂದು ಗೆಳೆಯರು ಕೇಳುವುದುಂಟು. ಉತ್ತರ ಸೈನಿಕರ ಸಂಬಳದಲ್ಲಿದೆ. ಆಗ ಲೀಜನ್ ಎಂಬ ರೋಮನ್ ಸೇನಾದಳದ ಒಬ್ಬ ಕಾಲಾಳಿಗೆ ವರ್ಷಕ್ಕೆ 225 ದಿನಾರಿಯಸ್ ಸಲ್ಲಬೇಕಿತ್ತು. ಹೊಸ ದೊರೆ ಬಂದಾಗ ಇನಾಮು ಬೇರೆ. ತನ್ನ ಹೆಸರಿನಲ್ಲಿ ಅಂಗರಕ್ಷಕ ಪಡೆಗೆ ಮಾತು ಕೊಟ್ಟಿದ್ದ ಇನಾಮನ್ನು ಗಾಲ್ಬಾ ಕೊಡಲಿಲ್ಲ. ತಾನು ಸೈನಿಕರನ್ನು ಆರಿಸುತ್ತೇನೆಯೇ ಹೊರತು ಕೊಳ್ಳುವುದಿಲ್ಲ ಎಂದನೆಂದು ರೋಮನ್ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ಆ ಮಾತಿಗೆ ಅವನು ತೆತ್ತ ಬೆಲೆಯನ್ನು ಕಣ್ಣಾರೆ ಕಂಡಿದ್ದ ಓಥೋ ಟಂಕಸಾಲೆಯನ್ನು ತಡಮಾಡದೆ ನಡೆಸಿದ. ರೋಮ್‌ನಲ್ಲಿ ಅವನ ಹೆಸರಿನಿಂದ ಚಿನ್ನ ಮತ್ತು ಬೆಳ್ಳಿ ನಾಣ್ಯಗಳು ಮಾತ್ರ ಹೊರಬಂದವು. ಚಿಲ್ಲರೆಯ ತಾಮ್ರ, ಹಿತ್ತಾಳೆ ನಾಣ್ಯಗಳು ಅಲ್ಲಿಂದ ಹೊರಬರಲಿಲ್ಲ.

ಸವೆದ ನಾಣ್ಯವನ್ನು ಓದುವುದೇ ಈ ಹವ್ಯಾಸದ ನಿಜವಾದ ಸುಖ. ಬೇಸಿಗೆಯ ರಾಯಚೂರಿನಲ್ಲಿ ಒಂಬತ್ತು ಗಂಟೆಯ ಮೇಲೆ ಬಿಸಿಲು ನೆತ್ತಿಗೇರಿ ಎಲ್ಲವನ್ನೂ ಬಿಳಿಚಿಸಿಬಿಡುವುದರಿಂದ, ಪೂರ್ವದ ಕಿಟಕಿಯಲ್ಲಿ ಏಳರ ಓರೆ ಬಿಸಿಲು ಬೀಳುವಾಗ ಮೇಜಿನ ಮೇಲೆ ನಾಣ್ಯವನ್ನಿಟ್ಟು, ಬೆಳಕು ಅಂಚಿನಿಂದ ಜಾರುವಂತೆ ನಿಧಾನವಾಗಿ ತಿರುಗಿಸುತ್ತೇನೆ. ಆಗ ಬರಿ ಬಯಲಿನಂತಿದ್ದ ಜಾಗದಲ್ಲಿ ಅಕ್ಷರದ ನೆರಳು ಏಳುತ್ತದೆ. ಲ್ಯಾಟಿನ್ ಲಿಪಿಯಲ್ಲಿ ಓಥೋನ ಹೆಸರಿಗೆ ನಾಲ್ಕೇ ಅಕ್ಷರ, ಆದಿಯಲ್ಲೂ ಅಂತ್ಯದಲ್ಲೂ ಸೊನ್ನೆಯಂಥ ದುಂಡಕ್ಷರ. ನನ್ನ ನಾಣ್ಯದಲ್ಲಿ ಎರಡನೆಯ ಸೊನ್ನೆ ಪೂರ್ತಿ ಇದೆ, ಮೊದಲನೆಯದರ ಕೆಳಗಿನ ಕೊಂಕು ಮಾತ್ರ ಇದೆ. ಅಷ್ಟೂ ಇರದಿದ್ದರೂ ತಲೆಗೂದಲಿನಿಂದ ಅವನನ್ನು ಗುರುತಿಸಬಹುದಿತ್ತು. ಓಥೋನ ತಲೆಯಲ್ಲಿ ಕೂದಲು ವಿರಳವಾಗಿದ್ದರಿಂದ ಯಾರಿಗೂ ತಿಳಿಯದಷ್ಟು ಚೊಕ್ಕವಾದ ಕೃತಕ ಕೂದಲಿನ ಟೋಪನ್ನು ಧರಿಸುತ್ತಿದ್ದ ಎಂದು ಚಕ್ರವರ್ತಿಗಳ ಚರಿತ್ರೆ ಬರೆದ ಸ್ಯುಟೋನಿಯಸ್ ಹೇಳಿದ್ದಾನೆ. ನಾಣ್ಯದ ಮೇಲೆ ಅದು ನೇಗಿಲ ಸಾಲುಗಳಂತೆ ಒಂದರ ಹಿಂದೊಂದು ಜೋಡಿಸಿದ ಸುರುಳಿಗಳಾಗಿ ಮೂಡಿದೆ. ಕೆನ್ನೆ, ಕಿವಿ ನುಣುಪಾದ ಮೇಲೂ ಆ ಸಾಲುಗಳು ಉಳಿದಿವೆ. ಹಿಂಬದಿಯಲ್ಲಿ ‘ಸೆಕ್ಯೂರಿಟಾಸ್’ ಎಂಬ ದೇವತೆ ಹಾರ ಮತ್ತು ದಂಡ ಹಿಡಿದು ನಿಂತಿದ್ದಾಳೆ. ರೋಮನ್ ಜನತೆಯ ಸುರಕ್ಷತೆ ಎಂದು ಬರಹ. ಗಾಲ್ಬಾನಾದರೆ ಗಿಣಿಮೂಗು ಮತ್ತು ಸೊರಗಿದ ಕೆನ್ನೆ, ವಿಟೆಲಿಯಸ್‌ನಾದರೆ ಗಲ್ಲದಿಂದ ಎದೆಯವರೆಗೆ ಒಂದೇ ಸಮ ಇಳಿಯುವ ದಪ್ಪ ಕೊರಳು; ಹೊರಗೆರೆ ಉಳಿದರೆ ಸಾಕು.

ಈ ನಾಣ್ಯ ಇನ್ನೊಂದು ಗಂಡಾಂತರವನ್ನೂ ದಾಟಿಕೊಂಡು ಬಂದಿದೆ. ಸುಮಾರು 107ರಲ್ಲಿ ಟ್ರಾಜನ್ ಚಕ್ರವರ್ತಿ ಸವೆದುಹೋದ ಹಣವನ್ನೆಲ್ಲ ಕರಗಿಸಿದನೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ದಾಖಲಿಸಿದ್ದಾನೆ. ಆದರೂ ಕೆಲವು ತಪ್ಪಿಸಿಕೊಂಡವು. ಬಲ್ಗೇರಿಯಾದ ರೇಕಾ ದೇವ್ನ್ಯದಲ್ಲಿ 1929ರಲ್ಲಿ ಸಿಕ್ಕ, ಮೂರನೆಯ ಶತಮಾನದ ನಡುವೆ ಹೂಳಿದ 80,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿಯಲ್ಲಿ ಒಂದನೆಯ ಶತಮಾನದವೂ ಇದ್ದವು. ಮಸ್ಕಿಯ ಬಂಡೆಶಾಸನ 1915ರಲ್ಲಿ ಬೆಳಕಿಗೆ ಬಂದು ಅದರಲ್ಲಿ ಅಶೋಕನ ಹೆಸರೇ ದೊರೆತ ಸಂಗತಿಯನ್ನು ಶಾಲೆಯಿಂದಲೂ ಕೇಳಿ ಬೆಳೆದ ನನಗೆ, ದೊರೆಯ ಹೆಸರು ಉಳಿಯಬೇಕಾದರೆ ಬಂಡೆಯೇ ಬೇಕೆಂಬ ಭಾವನೆ ಇತ್ತು. ಓಥೋನದು ಉಳಿದದ್ದು ಉಗುರಗಲದ ಬೆಳ್ಳಿಯಲ್ಲಿ.

ನಮ್ಮ ನೆಲದಲ್ಲಿ ರೋಮನ್ ಬೆಳ್ಳಿ ಸಿಕ್ಕಿದೆಯಾದರೂ ಓಥೋನನ್ನು ಅದರಲ್ಲಿ ಹುಡುಕುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ದೊರೆತವುಗಳಂತೆ ದಕ್ಷಿಣ ಭಾರತದ ದಿನಾರಿಯಸ್‌ಗಳಲ್ಲಿ ಹೆಚ್ಚಿನವು ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ನೀರೋ ತೂಕ ಇಳಿಸಿ ತಾಮ್ರ ಬೆರೆಸಿದ ಮೇಲಿನ ಬೆಳ್ಳಿ ಇಲ್ಲಿ ಬಲು ವಿರಳ. ಹಣವನ್ನು ಮುಖ ನೋಡದೆ ಒರೆಗಲ್ಲಿಗೆ ತಿಕ್ಕಿ ಕೊಳ್ಳುತ್ತಿದ್ದ ನಮ್ಮ ವರ್ತಕರಿಗೆ ಬೆರಕೆ ಬೆಳ್ಳಿ ಹಿಡಿಸಿರಲಾರದು. ಹಾಗಾಗಿ ನನ್ನ ನಾಣ್ಯಗಳು ಈ ಮಣ್ಣಿನವಲ್ಲ. ದೇಶದೊಳಗಿನ ಹರಾಜುಗಳಲ್ಲಿ, ಹಳೆಯ ಸಂಗ್ರಹಗಳು ಮಾರಾಟಕ್ಕೆ ಬಂದಾಗ ರಸೀದಿಯೊಂದಿಗೆ ಕೊಂಡವು. ಹೊಲದಲ್ಲಿ ಸಿಕ್ಕಿತೆಂದು ಯಾರಾದರೂ ತಂದರೆ ನಾನು ಮುಟ್ಟುವುದಿಲ್ಲ. ನಿಧಿ ಕಾಯಿದೆಯ ಪ್ರಕಾರ ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಮತ್ತು ಸಿಕ್ಕ ಜಾಗ ಅಳಿಸಿಹೋದ ನಾಣ್ಯ ಇತಿಹಾಸಕ್ಕೆ ಅರ್ಧ ಸತ್ತಂತೆ.

ಕೊಳ್ಳುವಾಗ ಒಮ್ಮೆ ಮೋಸವನ್ನೂ ಕಂಡಿದ್ದೇನೆ. ಗಾಲ್ಬಾ ಎಂದು ನಂಬಿ ಹಬ್ಬಕ್ಕೆ ತೆಗೆದಿಟ್ಟಿದ್ದ ಹಣ ಕೊಟ್ಟು ತಂದದ್ದು ಎರಕದ ನಕಲಾಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಗುಳ್ಳೆಯೊಡೆದ ಸಣ್ಣ ಕುಳಿಗಳು, ಅಂಚಿನ ಸುತ್ತ ಎರಡು ಅಚ್ಚುಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿದ ಗುರುತು. ಸುತ್ತಿಗೆಯಿಂದ ಹೊಡೆದು ಅಚ್ಚೊತ್ತಿದ ನಾಣ್ಯ ಎಷ್ಟೇ ಸವೆದರೂ ಅದರ ಮೈ ಹೀಗಿರುವುದಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು ವಿಟೆಲಿಯಸ್‌ನ ವಿಷಯದಲ್ಲಿ. ಪೂಜೆಯ ಹಿಂದಿನ ದಿನ ಬೆಳ್ಳಿ ಸಾಮಾನುಗಳ ಜೊತೆ ನನ್ನ ತಂಗಿ ಅದನ್ನೂ ವಿಭೂತಿ ಹಚ್ಚಿ ಬೆಳಗಿಬಿಟ್ಟಳು. ಪ್ರೀತಿಯಿಂದಲೇ ಮಾಡಿದ ಕೆಲಸ. ಆದರೆ ಅಕ್ಷರಗಳ ಸಂದಿಯಲ್ಲಿ ನಿಂತಿದ್ದ ಕಪ್ಪು ಹೋದದ್ದರಿಂದ, ಅದುವರೆಗೆ ಓದಲು ಬರುತ್ತಿದ್ದ ಮೂರು ಅಕ್ಷರಗಳು ಇಂದು ಓರೆ ಬಿಸಿಲಿಗೂ ಏಳುವುದಿಲ್ಲ.

ಸವೆತದ ಬಗ್ಗೆ ನನ್ನ ತಿಳಿವಳಿಕೆಯನ್ನು ತಿದ್ದಿದ್ದು 238ರ ಒಂದು ನಾಣ್ಯ. ಆ ವರ್ಷ ಸೆನೆಟ್ ಸಭೆ ಬಾಲ್ಬಿನಸ್ ಮತ್ತು ಪ್ಯುಪಿಯೆನಸ್ ಎಂಬಿಬ್ಬರನ್ನು ಸಮಾನ ಚಕ್ರವರ್ತಿಗಳನ್ನಾಗಿ ಆರಿಸಿತು. ಅವರು ಹೊರಡಿಸಿದ ಜೋಡಿ ದಿನಾರಿಯಸ್‌ಗಳ ಮೇಲೆ, ಅಂದರೆ ಕಿರಣದ ಕಿರೀಟವಿರುವ ಆಂಟೋನಿನಿಯಾನಸ್‌ಗಳ ಮೇಲೆ, ಒಂದನ್ನೊಂದು ಹಿಡಿದ ಎರಡು ಬಲಗೈಗಳಿವೆ. ಸುತ್ತ ಪರಸ್ಪರ ನಂಬಿಕೆ, ಪರಸ್ಪರ ಪ್ರೀತಿ ಎಂಬ ಬರಹ. ಇಬ್ಬರೂ ಒಬ್ಬರನ್ನೊಬ್ಬರು ಶಂಕಿಸುತ್ತಲೇ ಇದ್ದು, ಸುಮಾರು ಮೂರು ತಿಂಗಳಲ್ಲಿ ಅಂಗರಕ್ಷಕರ ಕೈಯಲ್ಲಿ ಒಟ್ಟಿಗೇ ಸತ್ತರು. ನನ್ನಲ್ಲಿರುವ ಬಾಲ್ಬಿನಸ್ ನಾಣ್ಯದಲ್ಲಿ ಆ ಬೆರಳುಗಳನ್ನು ಎಣಿಸಬಹುದು. ಓಥೋನಿಗಿಂತ 169 ವರ್ಷ ಚಿಕ್ಕದೆಂಬುದು ಇದಕ್ಕೆ ಕಾರಣವೆಂದು ಮೊದಲು ಭಾವಿಸಿದ್ದೆ. ಆದರೆ ಮಣ್ಣಿನಡಿ ಕಳೆದ ಶತಮಾನಗಳು ನಾಣ್ಯವನ್ನು ಹೀಗೆ ಸವೆಸುವುದಿಲ್ಲ, ಸವೆಸುವುದು ಚಲಾವಣೆ. 238ರ ಮೇಲೆ ಮೂವತ್ತೇ ವರ್ಷಗಳಲ್ಲಿ ಆಂಟೋನಿನಿಯಾನಸ್ ಎಂಬುದು ಬೆಳ್ಳಿಯ ತೆಳುಪೊರೆ ಹೊದ್ದ ತಾಮ್ರವಾಯಿತು. ಹಣ ಹಾಗೆ ಕೆಡುವಾಗ ಹಳೆಯ ಒಳ್ಳೆಯ ನಾಣ್ಯವನ್ನು ಯಾರೂ ಕೈಬಿಡುವುದಿಲ್ಲ; ಹೂಳುತ್ತಾರೆ, ಇಲ್ಲವೇ ಕರಗಿಸುತ್ತಾರೆ. ಬಾಲ್ಬಿನಸ್‌ನ ನಾಣ್ಯಕ್ಕೆ ಸವೆಯುವಷ್ಟು ಕಾಲ ಸಿಗಲೇ ಇಲ್ಲ. ಓಥೋನದಕ್ಕೆ ಸಿಕ್ಕಿತು, ಅವನ ಹಿಂದೆ ಬಂದ ವೆಸ್ಪೇಸಿಯನ್ ಮತ್ತು ಅವನ ಮಕ್ಕಳ ಕಾಲದಲ್ಲಿ ಸಂತೆ ನಡೆದಿತ್ತು, ಸಂಬಳ ಬಟವಾಡೆಯಾಗಿತ್ತು, ಬೆಳ್ಳಿಯ ಮೇಲೆ ಜನರಿಗೆ ನಂಬಿಕೆ ಇತ್ತು.

ಈಗ ನಾನು ಕಾಯುತ್ತಿರುವುದು ಪರ್ಟಿನಾಕ್ಸ್ ಚಕ್ರವರ್ತಿಯ ನಾಣ್ಯಕ್ಕಾಗಿ. 193ರ ಜನವರಿ 1ರಿಂದ ಮಾರ್ಚ್ 28ರವರೆಗೆ, 87 ದಿನ ಆಳಿದ ಈ ಮುದುಕ ಅಷ್ಟರಲ್ಲೇ ದಿನಾರಿಯಸ್‌ಗೆ ಬೆಳ್ಳಿಯ ಪಾಲನ್ನು ಹೆಚ್ಚಿಸಿದ. ಅವನನ್ನು ಕೊಂದ ಅಂಗರಕ್ಷಕರು ಸಾಮ್ರಾಜ್ಯವನ್ನೇ ಹರಾಜಿಗಿಟ್ಟರು. ಒಬ್ಬೊಬ್ಬ ಅಂಗರಕ್ಷಕನಿಗೆ 25,000 ಸೆಸ್ಟರ್ಸ್ (ದಿನಾರಿಯಸ್‌ನ ಕಾಲು ಬೆಲೆಯ ನಾಣ್ಯ) ಎಂದು ಕೂಗಿ ಗೆದ್ದ ಡಿಡಿಯಸ್ ಜೂಲಿಯನಸ್ 66 ದಿನ ಉಳಿದ. ಇಬ್ಬರ ನಾಣ್ಯಗಳೂ ದುರ್ಲಭ, ಚೆನ್ನಾಗಿರುವವು ನನ್ನ ಕೈಗೆ ಎಟುಕುವವಲ್ಲ. ಗಡ್ಡದ ಹೊರಗೆರೆ ಉಳಿದು, ಹೆಸರಿನ ಎರಡು ಅಕ್ಷರ ಓದಲು ಬರುವಂಥ ಒಂದು ಪರ್ಟಿನಾಕ್ಸ್ ಸಿಕ್ಕರೆ ಸಾಕೆಂದು ತಟ್ಟೆಯಲ್ಲಿ ಓಥೋನ ಪಕ್ಕದ ಗುಣಿಯನ್ನು ಖಾಲಿ ಬಿಟ್ಟಿದ್ದೇನೆ.