ಕೂದಲ ಹಗ್ಗದ ಜಾಡು ಹಿಡಿದು

ನಮ್ಮ ಭದ್ರಾವತಿಯವರು ಬೆಂಗಳೂರಿನ ರೈಲು ಹತ್ತುವುದು ಸಾಮಾನ್ಯವಾಗಿ ಮದುವೆಗೆ, ಆಸ್ಪತ್ರೆಗೆ ಅಥವಾ ಕೆಲಸದ ಸಂದರ್ಶನಕ್ಕೆ. ಕಳೆದ ಜನವರಿಯಲ್ಲಿ ನಾನು ಬೆಳಗಿನ ರೈಲು ಹತ್ತಿದ್ದು ಒಂದು ಹಗ್ಗವನ್ನು ಹುಡುಕಿಕೊಂಡು. 1957ರಲ್ಲಿ ನಮ್ಮೂರಿನಲ್ಲೇ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಬರೋಡಾ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತು, ಮತ್ತೆ ಬೆಂಗಳೂರಿನಲ್ಲೇ ನೆಲೆ ನಿಂತ ಕಲಾವಿದೆ ಶೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಕೃತಿಯ ಛಾಯಾಚಿತ್ರವನ್ನು ವರ್ಷಗಳ ಹಿಂದೆ ಪತ್ರಿಕೆಯೊಂದರಲ್ಲಿ ನೋಡಿದ್ದೆ. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗ, ಆ ಹಗ್ಗದ ಗಂಟುಗಳಿಗೆ ಸಿಕ್ಕಿ ಗೋಡೆಯ ಮೇಲೆ ತೂಗುವ ಸುಮಾರು ಇಪ್ಪತ್ತು ಕಾರಿನ ಬಂಪರ್‌ಗಳು, ಕೃತಿಯೆಂದರೆ ಇಷ್ಟೇ. ಇಟಲಿಯ ವೆನಿಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2009ರಲ್ಲಿ ಪ್ರದರ್ಶನಗೊಂಡ ಅದು ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ. ಲಂಡನ್ನಿಗೆ ಹೋಗುವ ಅನುಕೂಲ ನನಗಿಲ್ಲ. ಆದರೆ ಆ ಹಗ್ಗ ಹುಟ್ಟಿದ ಬೀದಿ ರೈಲಿನಲ್ಲಿ ಕೆಲವು ಗಂಟೆಗಳ ದೂರದಲ್ಲಿದೆ ಎಂಬ ಯೋಚನೆ ನನ್ನನ್ನು ಹೊರಡಿಸಿತು. ಚಿತ್ರಸಂತೆಯೂ ಅದೇ ವಾರದ ಕೊನೆಗೆ ಬಿದ್ದದ್ದು ಇನ್ನೊಂದು ಒಳ್ಳೆಯ ನೆಪವಾಯಿತು.

ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆಗೆ ಬಂದು, ಅಲ್ಲಿಂದ ಜೆ.ಸಿ. ರಸ್ತೆಯ ಕಡೆಗೆ ನಡೆದೆ. ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಆ ರಸ್ತೆಯ ಅಂಗಡಿಗಳ ಮುಂದೆ ಸೀಟಿನ ಕವರುಗಳು, ಹಾರ್ನುಗಳು, ದೃಷ್ಟಿಬೊಂಬೆಗಳು ಒಂದರ ಪಕ್ಕ ಒಂದು ತೂಗುತ್ತಿದ್ದವು. ಮೂರನೆಯ ಅಂಗಡಿಯಲ್ಲಿ, ಬಣ್ಣಬಣ್ಣದ ಕುಚ್ಚುಗಳ ಹಿಂದೆ, ಮೊಳೆಯೊಂದಕ್ಕೆ ಸುತ್ತಿ ನೇತುಹಾಕಿದ ಕರಿಯ ಸಿಂಬೆ ಕಣ್ಣಿಗೆ ಬಿತ್ತು. “ಹೊಸ ಗಾಡಿಗಾ?” ಎಂದು ಅಂಗಡಿಯವರು ಕೇಳಿದರು. ಗಾಡಿ ಇಲ್ಲ, ಹಗ್ಗ ಮಾತ್ರ ಬೇಕು ಎಂದಾಗ ಅವರು ಮತ್ತೇನೂ ಕೇಳದೆ ಎರಡು ಮಾರು ಅಳೆದು ಕೈಗಿತ್ತರು.

ದೂರದಿಂದ ಅಚ್ಚ ಕಪ್ಪಾಗಿ ಕಾಣುವ ಹಗ್ಗ ಕೈಗೆ ಬಂದಾಗ ಬೇರೆಯೇ ಆಗಿರುತ್ತದೆ. ಕಪ್ಪಿನ ನಡುವೆ ಕೆಂಚು ಎಳೆಗಳಿವೆ, ಬಿಳಿಯ ಎಳೆಗಳಿವೆ. ಒಂದೇ ಹುರಿಯಲ್ಲಿ ಮಗುವಿನದೂ ಮುದುಕರದೂ ಸೇರಿಕೊಂಡಿವೆ. ಹೊಸೆದ ಕಡೆಯಿಂದೆಲ್ಲ ಗಿಡ್ಡ ತುದಿಗಳು ಹೊರಚಾಚಿ, ಸವರಿದರೆ ಅಂಗೈಗೆ ಸಣ್ಣಗೆ ಚುಚ್ಚುತ್ತವೆ. ದೇವಸ್ಥಾನಗಳಲ್ಲಿ ಹರಕೆಯ ಮುಡಿ ಕೊಟ್ಟಾಗ ಉದ್ದದ ಕೂದಲು ಚೌರಿಗಳಿಗೆ, ವಿಗ್ಗುಗಳಿಗೆಂದು ಒಳ್ಳೆಯ ಬೆಲೆಗೆ ಹೋಗುತ್ತದೆ; ಉಳಿದ ತುಂಡುಗೂದಲು ಹೀಗೆ ಹಗ್ಗವಾಗಿ, ಲಾರಿ, ಕಾರುಗಳ ಬಂಪರಿಗೆ ದೃಷ್ಟಿ ತಾಗದಿರಲೆಂದು ಕಟ್ಟಲ್ಪಡುತ್ತದೆ. ದೇವರಿಗೆ ಒಪ್ಪಿಸಿದ ಮುಡಿಯೇ ಬೀದಿಗೆ ಬಂದು, ಭಯವಿದ್ದ ಕಡೆ ಕಾವಲು ಕೂರುತ್ತದೆ. ಅಷ್ಟು ಭಾರದ ಉಕ್ಕನ್ನು ಕೂದಲೆಳೆಗಳು ಹೊತ್ತು ನಿಲ್ಲುವಂತೆ ಕಲಾವಿದೆ ಮಾಡಿದ್ದೇಕೆ ಎಂಬುದು ಆ ಅಂಗಡಿಯ ಮುಂದೆ ನಿಂತಾಗ ನನಗೆ ಅರ್ಥವಾದಂತೆ ಪತ್ರಿಕೆಯ ಚಿತ್ರದಿಂದ ಅರ್ಥವಾಗಿರಲಿಲ್ಲ. ನಂಬಿಕೆಯ ಬಲವನ್ನು ಅವರು ಮಾತಿನಲ್ಲಿ ವಿವರಿಸಹೋಗದೆ, ಗೋಡೆಯ ಮೇಲೆ ತೂಗಿ ತೋರಿಸಿದ್ದರು.

ಶೀಲಾ ಗೌಡ ಚಿತ್ರ ಬರೆಯುತ್ತಲೇ ಆರಂಭಿಸಿದವರು. 1990ರ ದಶಕದ ಮೊದಲ ವರ್ಷಗಳಲ್ಲಿ, ದೇಶದಲ್ಲಿ ಕೋಮುಗಲಭೆಗಳು ಉರಿಯುತ್ತಿದ್ದ ಕಾಲದಲ್ಲಿ, ಅವರು ಕುಂಚದ ಬಣ್ಣದಿಂದ ಸಗಣಿಯತ್ತ ಹೊರಳಿದರು. ಆಮೇಲೆ ಸೂಜಿ, ದಾರ, ಕುಂಕುಮಗಳು ಬಂದವು. ಕುಂಕುಮದ ಕೆಂಪು ಹತ್ತಿದ ಉದ್ದುದ್ದ ದಾರದ ಹುರಿಗಳು ನೆಲದಲ್ಲೂ ಗೋಡೆಯಲ್ಲೂ ಹರಿದು, ತುದಿಯಲ್ಲಿ ಸೂಜಿಗಳ ಗೊಂಚಲಾಗಿ ನಿಲ್ಲುವ ಅವರ ಕೃತಿಯ ಹೆಸರನ್ನು ಕನ್ನಡದಲ್ಲಿ ‘ಅವನಿಗೆ ನನ್ನ ನೋವನ್ನು ಹೇಳು’ ಎನ್ನಬಹುದು. ಹಿತ್ತಲು, ಒಲೆ, ದೇವರಕೋಣೆಗಳ ವಸ್ತುಗಳಿಂದ ಅವರು ಮುಂದೆ ನಡೆದದ್ದು ರಸ್ತೆಗೆ. ಡಾಂಬರು ಹಾಕುವ ಕೂಲಿಯವರು ಖಾಲಿ ಡಾಂಬರು ಡ್ರಮ್‌ಗಳನ್ನು ಸೀಳಿ, ತಟ್ಟಿ, ತಗಡು ಮಾಡಿ ರಸ್ತೆಯಂಚಿನಲ್ಲಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ಕಂಡಿದ್ದೇವೆ. 2006ರ ‘ಡಾರ್ಕ್‌ರೂಮ್’ ಕೃತಿಯಲ್ಲಿ ಅದೇ ಡ್ರಮ್‌ಗಳಿಂದ ಒಂದು ಕೋಣೆ ಎದ್ದಿತು. ಬಗ್ಗಿ ಒಳಗೆ ಹೋದರೆ ಕತ್ತಲು. ತಲೆಯೆತ್ತಿದರೆ, ತಗಡಿನಲ್ಲಿ ಕೊರೆದ ಸಣ್ಣ ತೂತುಗಳಿಂದ ಬೆಳಕು ಇಣುಕಿ, ಚುಕ್ಕಿ ತುಂಬಿದ ಆಕಾಶ. ಆ ಗುಡಿಸಲುಗಳಲ್ಲಿ ಮಲಗಿದವರಿಗೆ ತೂತು ಬಿದ್ದ ಸೂರಿನಲ್ಲಿ ಹಾಗೆಯೇ ಕಾಣುತ್ತಿತ್ತೋ ಏನೋ, ನಾನಂತೂ ಒಮ್ಮೆಯೂ ಇಳಿದು ಕೇಳಿದವನಲ್ಲ.

ಡಾಂಬರಿನ ಈ ನೆನಪಿನಲ್ಲೇ ಮಧ್ಯಾಹ್ನ ಮಾಗಡಿ ರಸ್ತೆಯ ಬಸ್ಸು ಹಿಡಿದು ಹೇರೋಹಳ್ಳಿಗೆ ಹೋದೆ. ಅಲ್ಲಿನ ತುಂಗಾನಗರದ ಮುಖ್ಯರಸ್ತೆಯಲ್ಲಿ 2019ರ ಸೆಪ್ಟೆಂಬರ್ ಆರಂಭದಲ್ಲಿ, ಚಂದ್ರಯಾನ-2ರ ಇಳಿಯುವಿಕೆಗಾಗಿ ದೇಶವೇ ಕಾಯುತ್ತಿದ್ದ ದಿನಗಳಲ್ಲಿ, ಮೈಸೂರಿನ ದೃಶ್ಯಕಲಾ ಕಾಲೇಜಾದ ಕಾವಾದಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಉಡುಪು ತೊಡಿಸಿ, ರಾತ್ರಿಯ ಗುಂಡಿಗಳ ನಡುವೆ ಚಂದ್ರನ ಮೇಲೆ ನಡೆಯುವಂತೆ ನಡೆಸಿದರು. ಪಕ್ಕದಲ್ಲಿ ಆಟೊವೊಂದು ಹಾದುಹೋಗುವವರೆಗೂ ಅದು ಭೂಮಿಯೆಂದು ನೋಡುವವರಿಗೆ ಹೊಳೆಯುವುದಿಲ್ಲ. ವಿಡಿಯೊ ಊರೂರು ಸುತ್ತಿತು. ರಸ್ತೆಯ ದುರಸ್ತಿಯೂ ಬೇಗನೆ ಆರಂಭವಾಯಿತು. ಅದಕ್ಕೂ ಮೊದಲು, 2015ರಲ್ಲಿ, ಸುಲ್ತಾನ್‌ಪಾಳ್ಯದ ದೊಡ್ಡ ಗುಂಡಿಯೊಂದಕ್ಕೆ ಹಸಿರು ಬಣ್ಣ ಬಳಿದು ಅದರಲ್ಲಿ ಮೊಸಳೆಯ ಪ್ರತಿಕೃತಿಯನ್ನು ಬಿಟ್ಟವರೂ ಬಾದಲ್ ಅವರೇ. ನಾನು ಹೋದಾಗ ತುಂಗಾನಗರದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಶಾಲೆ ಬಿಟ್ಟ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಬರೀ ಒಂದು ಮಾಮೂಲಿ ರಸ್ತೆಯನ್ನು ನೋಡಲು ಅಷ್ಟು ದೂರ ಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ. ತಾನು ಅಳಿಸಿಹೋಗುವುದಕ್ಕೆಂದೇ ಮಾಡಿದ ಕಲೆ ಅದು, ಅಳಿಸಿಹೋಗಿತ್ತು.

ಮರುದಿನ ಭಾನುವಾರ, ಚಿತ್ರಸಂತೆ. 2003ರಿಂದ ಚಿತ್ರಕಲಾ ಪರಿಷತ್ತು ನಡೆಸಿಕೊಂಡು ಬಂದಿರುವ ಈ ಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಎರಡೂ ಬದಿಗೆ ಕಲಾವಿದರು ಚಿತ್ರಗಳನ್ನು ಒರಗಿಸಿ ಕೂರುತ್ತಾರೆ. ಕುದುರೆ, ಬುದ್ಧ, ಗಣಪತಿಗಳೇ ಹೆಚ್ಚು; ಬೇಗ ಬೇಗ ದಾಟಿದೆ. ಜನಜಂಗುಳಿಯ ಕೊನೆಯಲ್ಲಿ, ಮರದ ಬುಡದಲ್ಲಿ, ಕಲಬುರಗಿ ಕಡೆಯ ಯುವಕನೊಬ್ಬ ಒಂದೇ ಒಂದು ಕೃತಿ ಇಟ್ಟುಕೊಂಡು ಕೂತಿದ್ದ. ಊಟ ತಲುಪಿಸುವ ಕೆಲಸದ ಬಿಲ್ಲುಗಳನ್ನು ಬೆನ್ನುಮಗ್ಗುಲು ಮೇಲಾಗಿ ಒತ್ತಾಗಿ ಅಂಟಿಸಿ, ಪ್ರತಿಯೊಂದರ ಮೇಲೂ ಬಾಲ್‌ಪೆನ್ನಿನಿಂದ ಒಂದು ಮೆಟ್ಟಿಲಸಾಲನ್ನು ಬರೆದಿದ್ದ. ಎಲ್ಲವೂ ತಾನು ಹತ್ತಿದ ಮೆಟ್ಟಿಲುಗಳೇ, ಹಗಲು ಕಾಲೇಜು, ರಾತ್ರಿ ಡೆಲಿವರಿ ಎಂದ. ಮನುಷ್ಯರೇ ಇಲ್ಲವಲ್ಲ ಎಂದು ಕೇಳಿದೆ. “ಮುಖ ನೆನಪಿರಲ್ಲ ಸರ್, ಬಾಗಿಲು ಅರ್ಧ ತೆಗೀತಾರೆ. ಮೆಟ್ಟಿಲು ಮೊಣಕಾಲಿಗೆ ನೆನಪಿರ್ತದ,” ಎಂದ. ಆ ಕಾಗದದ ಅಚ್ಚಿನ ಅಕ್ಷರಗಳು ಕೆಲವು ತಿಂಗಳಲ್ಲಿ ಮಾಸಿಹೋಗುತ್ತವೆ, ಪೆನ್ನಿನ ಗೆರೆ ಉಳಿಯುತ್ತದೆ ಎಂಬುದನ್ನೂ ಅವನೇ ತೋರಿಸಿಕೊಟ್ಟ. ಅಲ್ಲಿ ನಾನು ಬಹಳ ಹೊತ್ತು ಕುಳಿತೆ. ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ ಎಂಬುದು ಈಗಲೂ ನೋಯುತ್ತದೆ.

ಇದೇ ಊರಿನಲ್ಲಿ 2016ರಲ್ಲಿ ಪೂರ್ಣಿಮಾ ಸುಕುಮಾರ್ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನ ತೃತೀಯಲಿಂಗಿ ಮಹಿಳೆಯರು, ಜನ ತಮ್ಮನ್ನು ದುರುಗುಟ್ಟಿ ನೋಡುವ ಬೀದಿಗಳಲ್ಲೇ ಹಾಡಹಗಲಿನಲ್ಲಿ ಏಣಿಯ ಮೇಲೆ ನಿಂತು ಗೋಡೆಗಳಿಗೆ ಬಣ್ಣ ತುಂಬುತ್ತಾರೆ. 2024ರಲ್ಲಿ ಅವರ ಭಿತ್ತಿಚಿತ್ರವೂ ವೆನಿಸ್ ಬಿನಾಲೆಗೆ ಹೋಯಿತು. ಹೆಮ್ಮೆಯೊಂದಿಗೆ ನನಗೊಂದು ಸಂಕಟವೂ ಇದೆ. ನಮ್ಮ ಬೀದಿಯ ಹಗ್ಗ, ನಮ್ಮ ರಸ್ತೆಯ ಡ್ರಮ್ಮು ಏನಾದವು ಎಂದು ನೋಡಲು ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಹತ್ತಿರದಲ್ಲಿ ಒಂದು ಕೋಣೆಯಾದರೂ ಇರಬೇಕಿತ್ತು.

ರಾತ್ರಿಯ ರೈಲಿನಲ್ಲಿ ಹಿಂತಿರುಗಿ, ಬೆಳಗಿನ ಜಾವ ಮನೆ ಸೇರಿ, ಕಾಗದ ಬಿಚ್ಚಿ ಹಗ್ಗವನ್ನು ಅಮ್ಮನಿಗೆ ತೋರಿಸಿದೆ. ಯಾರ ತಲೆಯದೋ ಏನೋ, ಕೂದಲನ್ನು ಹೊಸಿಲು ದಾಟಿಸಬೇಡ ಎಂದರು. ಹಾಗೆಂದವರೇ ಸ್ವಲ್ಪ ಹೊತ್ತಿಗೆ ಹೊರಬಂದು, ಅದರ ಒಂದು ತುದಿಯನ್ನು ಬೆರಳಿನಲ್ಲಿ ಹಿಡಿದು, ಬಿಳಿಯ ಎಳೆಗಳನ್ನು ನೋಡುತ್ತ ನಿಂತರು. ಆಮೇಲೆ ಕೊಟ್ಟಿಗೆಯ ಬಾಗಿಲಿನ ಮೊಳೆಗೆ, ಕರುವಿಗೆ ದೃಷ್ಟಿಯಾಗದಿರಲೆಂದು, ತಾವೇ ಅದನ್ನು ಕಟ್ಟಿದರು.