ಕೆಂಪು ತೆಗಿ ಮಾರಾಯ

"ಕೆಂಪು ತೆಗಿ ಮಾರಾಯ, ಕಣ್ಣೇ ಕಾಣ್ತಾ ಇಲ್ಲ."

ಮೊನ್ನೆ ತೀರ್ಥಹಳ್ಳಿಯಲ್ಲಿ ಗೆಳೆಯನ ಅಪ್ಪ ನನ್ನ ಕ್ಯಾಮೆರಾ ಕಣ್ಣಿಗೆ ಹಿಡಿದು ಹೇಳಿದ ಮಾತಿದು. ಅವತ್ತಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ.

ಅವರನ್ನು ನಾನು ಮಾವ ಅನ್ನುವುದು. ಸ್ಟುಡಿಯೋ ಇಟ್ಟಿದ್ದವರು. ನಿಕಾನ್ ಎಫ್‌ಎಂ2 ಅನ್ನುವ ಫಿಲ್ಮ್ ಕ್ಯಾಮೆರಾ ಹಿಡಿದು ಸುತ್ತಲ ಊರುಗಳ ಮದುವೆ, ಉಪನಯನ ತೆಗೆದವರು. ಈಗ ಮಗ ನಡೆಸುತ್ತಾನೆ. ಮಾವ ಡಿಜಿಟಲ್ ಕ್ಯಾಮೆರಾ ಮುಟ್ಟುವುದಿಲ್ಲ. "ಅಪ್ಪಂಗೆ ಅದು ಬರಲ್ಲ" ಅಂತ ಗೆಳೆಯ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ.

ಅವರ ಹಳೇ 50 ಎಂಎಂ ನಿಕ್ಕೋರ್ ಲೆನ್ಸ್, ನಿಕಾನ್‌ನದೇ, ಬೀರುವಿನಲ್ಲಿತ್ತು. ಬೀರುವಿನೊಳಗೆ ಒಂದು ಜೀರೋ ಬಲ್ಬು ಸದಾ ಉರಿಯುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಗಾಜಿನೊಳಗೆ ಜೇಡರಬಲೆ ಥರ ಫಂಗಸ್ ಹಬ್ಬುತ್ತದಲ್ಲ, ಅದಕ್ಕೆ. ಲೆನ್ಸ್ ಬೆಳಕಿಗೆ ಹಿಡಿದು ನೋಡಿದೆ. ಒಂದು ಎಳೆಯೂ ಇಲ್ಲ. ಕೆಲಸ ಬಿಟ್ಟ ಮೇಲೂ ಆ ಬಲ್ಬು ಆರದ ಹಾಗೆ ನೋಡಿಕೊಂಡಿದ್ದರು.

ನನ್ನ ಸೋನಿ ಕ್ಯಾಮೆರಾಗೆ ನಿಕಾನ್ ಲೆನ್ಸ್ ಕೂರಿಸುವ ಅಡಾಪ್ಟರ್ ಇತ್ತು. ಅದರೊಳಗೆ ಗಾಜಿಲ್ಲ, ಬರೀ ಖಾಲಿ ಲೋಹದ ಬಳೆ. ನಿಕಾನ್ ಲೆನ್ಸ್ ಫಿಲ್ಮಿನಿಂದ 46.5 ಮಿಲಿಮೀಟರ್ ದೂರ ಕೂರಬೇಕು. ಸೋನಿಯಲ್ಲಿ ಎಫ್‌ಎಂ2ನ ಹಾಗೆ ಒಳಗೆ ಕನ್ನಡಿ ಇಲ್ಲದ್ದರಿಂದ ಆ ದೂರ 18 ಮಾತ್ರ. ಉಳಿದ 28.5ನ್ನು ಈ ಬಳೆ ತುಂಬುತ್ತದೆ, ಅಷ್ಟೇ. ಲೆನ್ಸ್ ಇದೆ ಅಂತಲೇ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ಲೆನ್ಸ್ ಇಲ್ಲದೆಯೂ ಶಟರ್ ಬೀಳಲಿ ಅಂತ ಮೆನುವಿನಲ್ಲಿ ಹೇಳಿಕೊಡಬೇಕು. ಅಪರ್ಚರ್ (ಬೆಳಕು ಬಿಡುವ ಕಿಂಡಿ), ಫೋಕಸ್ ಎರಡೂ ಕೈಯಲ್ಲೇ.

ಬಾಗಿಲ ಬೆಳಕಿಗೆ ಅತ್ತೆ ಕೂತು ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೆಯುತ್ತಿದ್ದರು. ಹೊರಗೆ ಪುನರ್ವಸು ಮಳೆ. ಮಾವ ಕನ್ನಡಕ ತೆಗೆದಿಟ್ಟರು. ಎಡ ಅಂಗೈ ಲೆನ್ಸಿನ ಅಡಿಗೆ ಹೋಯಿತು. "ಸ್ಪ್ಲಿಟ್ ಎಲ್ಲೋ?" ಅಂದರು. ಎಫ್‌ಎಂ2ನಲ್ಲಿ ನಡುವೆ ಚಿತ್ರ ಎರಡು ಸೀಳಾಗಿ ಕಾಣುತ್ತದೆ, ಸೀಳು ಕೂಡಿದರೆ ಫೋಕಸ್. ಈಗ ಅದರ ಬದಲು ಫೋಕಸ್ ಆದ ಕಡೆ ಕೆಂಪು ಬರುತ್ತೆ ಮಾವ, ಅಂದೆ.

ಆಗ ಬಂತು ಆ ಮಾತು.

ಅವರಿಗೆ ಏನು ಕಂಡಿತ್ತು ಅಂತ ಆಮೇಲೆ ನಾನೂ ನೋಡಿದೆ. ಕಪ್ಪು ಬಿಳುಪು ಗಾಢವಾಗಿ ಸೇರುವ ಅಂಚಿಗೆಲ್ಲ ಕ್ಯಾಮೆರಾ ಕೆಂಪು ಬಳಿಯುತ್ತದೆ. ಅತ್ತೆಯ ಕನ್ನಡಕದ ಅಂಚು ಕೆಂಪು, ಮೂಗುತಿ ಕೆಂಪು, ಎಲೆಯ ನರವೂ ಕೆಂಪು. ಎಫ್ 1.4ರಲ್ಲಿ, ಅಂದರೆ ಕಿಂಡಿ ಅಗಲ ತೆರೆದಾಗ, ಒಂದು ಮೀಟರ್ ದೂರದಲ್ಲಿ, ಚೂಪಾಗಿ ಬರುವುದು ಮೂರು ಸೆಂಟಿಮೀಟರ್‌ನಷ್ಟು ಆಳ. ಕನ್ನಡಕದ ಅಂಚು ಬೇರೆ, ಕಣ್ಣು ಬೇರೆ.

ಕೆಂಪು ತೆಗೆದೆ. ಗುಂಡಿ ಒತ್ತಿ ಕಣ್ಣನ್ನು ದೊಡ್ಡದು ಮಾಡಿಕೊಟ್ಟೆ. "ಅಯ್ಯೋ, ರೆಪ್ಪೆ ಎಣಿಸಬಹುದಲ್ಲೋ!" ಅಂದರು. ಲೆನ್ಸಿನ ಫೋಕಸ್ ಉಂಗುರ ಸ್ವಲ್ಪ ಮುಂದೆ ಹೋಯಿತು, ಹಿಂದೆ ಬಂತು, ನಿಂತಿತು. "ನಂದೆಂತ ಫೋಟೋ" ಅಂತ ಅತ್ತೆ ತಲೆ ಎತ್ತುವಷ್ಟರಲ್ಲಿ ಶಟರ್ ಬಿದ್ದಿತ್ತು. ರೆಪ್ಪೆ ಕೂದಲು ಕೂದಲಾಗಿ ಬಂದಿದೆ.

ಗೆಳೆಯ ಒಳ್ಳೆಯ ಕೆಲಸಗಾರ, ಅನುಮಾನವಿಲ್ಲ. ಆದರೆ ಅಪ್ಪನ ವಿಷಯದಲ್ಲಿ ಅವನು ಹೇಳಿದ್ದು ನ್ಯಾಯವಲ್ಲ ಅನ್ನಿಸುತ್ತದೆ. ಅವರಿಗೆ ಡಿಜಿಟಲ್ ಬಾರದೇ ಇದ್ದದ್ದಲ್ಲ. ಅವರ ಬೆರಳಿಗೆ ಗೊತ್ತಿದ್ದ ಉಂಗುರವನ್ನು ಯಾರೂ ಕೊಟ್ಟಿರಲಿಲ್ಲ. ಹೊಸ ಲೆನ್ಸ್‌ಗಳಲ್ಲಿ ಬಹಳಷ್ಟಕ್ಕೆ ಉಂಗುರ ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ, ಕೊನೆ ಅನ್ನುವುದೇ ಇಲ್ಲ. ಮಾವನ ಲೆನ್ಸಿಗೆ ಎರಡು ಕಡೆಯೂ ಗಟ್ಟಿ ಕೊನೆ ಇದೆ, ದೂರದ ಅಂಕಿ ಕೊರೆದಿದೆ. ಮದುವೆ ಮನೆಯಲ್ಲಿ ಕರೆಂಟು ಹೋಗಿ ಗ್ಯಾಸ್‌ಲೈಟ್ ಹಚ್ಚಿದಾಗಲೂ ಉಂಗುರವನ್ನು ಒಂದೂವರೆ ಮೀಟರ್‌ಗೆ ಇಟ್ಟು, ಅಷ್ಟೇ ದೂರ ನಿಂತು, ಫ್ಲಾಶ್ ಹೊಡೆದು ಧಾರೆ ತೆಗೆದ ಕೈ ಅದು. ರೋಲಿಗೆ 36 ಫೋಟೋ, ಒಂದೂ ಹಾಳಾಗುವಂತಿಲ್ಲ.

ಹಳೇ ಲೆನ್ಸ್ ಹುಡುಕುವವರು ಈಗ ಜಾಸ್ತಿ. ರಷ್ಯಾದ ಹೀಲಿಯೋಸ್ ಹಾಕಿದರೆ ಹಿಂದಿನ ಎಲೆಗಳು ಸುಳಿ ಸುಳಿಯಾಗಿ ಕಾಣುತ್ತವೆ ಅಂತ ಓಡಾಡುತ್ತಾರೆ. ನನಗೂ ಅದು ಚಂದವೇ. ಆದರೆ ಲೆನ್ಸ್ ಹುಡುಕುವ ನಾವು ಅದನ್ನು ತಿರುಗಿಸಿದ ಕೈಗಳನ್ನು ಕೇಳಿದ್ದೇವಾ? ಶಿವಮೊಗ್ಗ, ಸಾಗರ, ಹೊಸನಗರ, ಪ್ರತಿ ಊರಲ್ಲೂ ಇಂಥ ಒಬ್ಬರಾದರೂ ಮನೆಯಲ್ಲಿ ಸುಮ್ನೆ ಕೂತಿದ್ದಾರೆ. ಕತ್ತಲಲ್ಲಿ ಮುಖ ಹುಡುಕುವುದು ಹೇಗೆ ಅಂತ ಅವರಿಗಿಂತ ಚೆನ್ನಾಗಿ ಹೇಳಿಕೊಡುವವರು ಯಾರಿದ್ದಾರೆ?

ರಾತ್ರಿ ಪತ್ರೊಡೆ ತಿನ್ನುತ್ತಾ ಗೆಳೆಯ ಅಡಾಪ್ಟರ್ ರೇಟು ಕೇಳಿದ. ಎರಡು ಸಾವಿರದೊಳಗೆ ಸಿಗುತ್ತೆ ಅಂದೆ. ಆಷಾಢ, ಮದುವೆ ಇಲ್ಲ, ಅವನ ಎರಡನೇ ಕ್ಯಾಮೆರಾ ಖಾಲಿ ಇದೆ. ಮಾವ ಆಗಲೇ ಶ್ರಾವಣದ ಮದುವೆಗಳ ಪಟ್ಟಿ ಕೇಳಿದರು. ಮಗ ಇನ್ನೂ ಹೂಂ ಅಂದಿಲ್ಲ. ಅನ್ನುವ ತನಕ ನಾನು ಬಿಡುವುದಿಲ್ಲ.